ಕಾನೂನು ಬಂದಿದೆ, ದೂರು ಕೇಳುವವರ ಹೆಸರು ಮಾತ್ರ ಗೋಡೆಯ ಮೇಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ತಮ್ಮನ ಹೆಂಡತಿಯನ್ನು ಗರ್ಭಕೋಶದ ಗಡ್ಡೆಯ ಶಸ್ತ್ರಚಿಕಿತ್ಸೆಗೆಂದು ನಮ್ಮ ಭಾಗದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಮುಂಗಡ ಕಟ್ಟಿಸಿಕೊಂಡರು, ಮಂಚ ಕೊಟ್ಟರು, ಸಂಜೆ ರಕ್ತ ತೆಗೆದುಕೊಂಡು ಹೋದರು. ಯಾವ ಪರೀಕ್ಷೆಗೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಎಂದಿದ್ದ ಶಸ್ತ್ರಚಿಕಿತ್ಸೆ ಹತ್ತು ಗಂಟೆಯಾದರೂ ಆಗಲಿಲ್ಲ. ಆಮೇಲೆ ಒಬ್ಬರು ಬಂದು ‘ಇಲ್ಲಿ ಆಗೂದಿಲ್ಲ, ಬಳ್ಳಾರಿಗೆ ಕರಕೊಂಡು ಹೋಗ್ರಿ’ ಎಂದಷ್ಟೇ ಹೇಳಿ, ಮೇಲುಗಡೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿದ್ದ ಫೈಲನ್ನು ಓಣಿಯಂಥ ಆ ವರಾಂಡದಲ್ಲಿ ಎಲ್ಲರ ಎದುರಿಗೇ ನಮ್ಮ ಕೈಗಿತ್ತರು. ಬಸ್ಸು ಸಿರುಗುಪ್ಪ ದಾಟುವವರೆಗೂ ಅವಳು ಮಾತನಾಡಲಿಲ್ಲ. ಆಮೇಲೆ ಹೇಳಿದಳು: ‘ಅಕ್ಕಾ, ಡಾಕ್ಟರು ನಮಗ ಹೇಳೂಕಿಂತ ಮೊದಲ ಕಸ ಹೊಡಿಯೋ ಆಕಿಗೆ ಗೊತ್ತಿತ್ತು. ನನ್ನ ಚಾದರ ಕೈಲೆ ಮುಟ್ಟಲಿಲ್ಲ, ಕಾಲಿಲೆ ಸರಿಸಿದ್ಲು.’

ಅವಳು ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವುದು ಒಂಬತ್ತು ವರ್ಷಗಳಿಂದ. ಸರ್ಕಾರದ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ಕೇಂದ್ರದಲ್ಲಿ ಉಚಿತವಾಗಿ ಕೊಡುವ ಗುಳಿಗೆಯನ್ನು ರಾತ್ರಿ ಊಟವಾದ ಮೇಲೆ ಒಂದು ದಿನವೂ ತಪ್ಪಿಸದೆ ನುಂಗುತ್ತಾಳೆ; ರಕ್ತದಲ್ಲಿ ವೈರಸ್ಸಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದು ಎಷ್ಟೋ ವರ್ಷಗಳಾಗಿವೆ. ಸೋಂಕು ಹೇಗೆ ಬಂತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೆಲವರು ಕನಿಕರಪಟ್ಟಾರು, ಕೆಲವರು ಮೂಗು ಮುರಿದಾರು. ಎರಡಕ್ಕೂ ಅವಳ ಗಡ್ಡೆಗೂ ಸಂಬಂಧವಿಲ್ಲ. ನಮ್ಮ ಕಡೆ ಇಂದಿಗೂ ಹೆಸರೆತ್ತದೆ ‘ಆ ಬ್ಯಾನಿ’ ಎಂದು ಕರೆಯುವ ಈ ಸೋಂಕಿನ ಮಾತು ಬಂದರೆ ಮೊದಲು ಕೇಳುವುದೇ ‘ಹೆಂಗ ಬಂತು’ ಎಂದು. ಗಂಡನಿಂದ ಬಂದವಳು ಪಾಪದವಳು, ಬೇರೆ ದಾರಿಯಿಂದ ಬಂದವಳು ಅನುಭವಿಸಲಿ ಎಂಬ ಲೆಕ್ಕ ಆ ಪ್ರಶ್ನೆಯ ಹಿಂದೆಯೇ ಇರುತ್ತದೆ. ದೇಶದ ಕಾನೂನು ಈ ಲೆಕ್ಕವನ್ನು ಒಪ್ಪಿಲ್ಲ ಎಂಬುದನ್ನು ಹೇಳಲಿಕ್ಕೇ ಈ ಪತ್ರ.

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಎಂಬ ಕಾರಣಕ್ಕೆ ಚಿಕಿತ್ಸೆ, ಕೆಲಸ, ಶಿಕ್ಷಣ, ಬಾಡಿಗೆ ಮನೆ, ವಿಮೆ ಯಾವುದನ್ನೂ ಅನ್ಯಾಯವಾಗಿ ನಿರಾಕರಿಸಬಾರದು ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಪರೀಕ್ಷೆಗೆ ಮುಂಚೆ ಇದು ಎಚ್‌ಐವಿ ಪರೀಕ್ಷೆ ಎಂದು ತಿಳಿಸಿ, ಅರ್ಥವಾಗುವಂತೆ ವಿವರಿಸಿ, ಒಪ್ಪಿಗೆ ಪಡೆಯಬೇಕು ಎನ್ನುವುದು 5ನೇ ಸೆಕ್ಷನ್. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಆ ವಿಷಯವನ್ನು ಇನ್ನೊಬ್ಬರಿಗೆ ತಿಳಿಸಬಾರದು ಎನ್ನುವುದು 8ನೇ ಸೆಕ್ಷನ್. ಅಂದರೆ ಸಂಜೆ ರಕ್ತ ತೆಗೆದಾಗಿನಿಂದ ಬೆಳಿಗ್ಗೆ ಫೈಲು ಕೈಗಿಡುವವರೆಗಿನ ಹದಿನಾರು ಗಂಟೆಗಳಲ್ಲಿ ನನ್ನ ತಮ್ಮನ ಹೆಂಡತಿಯ ವಿಷಯದಲ್ಲಿ ಈ ಮೂರನ್ನೂ ಮುರಿಯಲಾಯಿತು. ಹಾಗೆಂದು ನನಗೆ ಗೊತ್ತಾದದ್ದು ಆಮೇಲೆ, ಕಾಯ್ದೆಯನ್ನು ತರಿಸಿ ಓದಿದ ಮೇಲೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನನಗೇ ತಿಳಿಯದಿದ್ದದ್ದು ಹೊಲಗೆಲಸಕ್ಕೆ ಹೋಗುವ ಅವಳಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ವೈದ್ಯರ ಭಯವನ್ನು ನಾನು ಸುಳ್ಳೆನ್ನುವುದಿಲ್ಲ. ಕತ್ತರಿ, ಸೂಜಿ, ರಕ್ತದ ನಡುವೆ ಕೈಯಿಟ್ಟು ಕೆಲಸ ಮಾಡುವವರಿಗೆ ಅಳುಕು ಸಹಜ, ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಆದರೆ ಆ ಭಯಕ್ಕೆ ವೈದ್ಯಶಾಸ್ತ್ರವೇ ಉತ್ತರ ಕೊಟ್ಟು ಬಹಳ ವರ್ಷಗಳಾಗಿವೆ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೂ ಎಚ್‌ಐವಿ ತಗಲುವ ಸಂಭವ ಸುಮಾರು ಶೇ 0.3 ಮಾತ್ರ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ‘ಬಿ’ ತಗಲುವ ಸಂಭವ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಚುಚ್ಚಿದ ಮೇಲೂ 72 ಗಂಟೆಯೊಳಗೆ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಔಷಧ ಶುರುಮಾಡಿ 28 ದಿನ ತೆಗೆದುಕೊಂಡರೆ ಸೋಂಕನ್ನು ತಡೆಯಬಹುದು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆ ‘ಇಲ್ಲ’ ಎಂದೇ ತೋರಿಸಬಹುದು, ಆ ಹೊತ್ತಿನಲ್ಲೇ ರಕ್ತದಲ್ಲಿ ವೈರಸ್ಸು ಅತಿ ಹೆಚ್ಚಾಗಿರುತ್ತದೆ. ಒಂಬತ್ತು ವರ್ಷ ಗುಳಿಗೆ ನುಂಗಿ ವೈರಸ್ಸನ್ನು ಹತೋಟಿಯಲ್ಲಿಟ್ಟ ಹೆಂಗಸನ್ನು ಹೊರಗೆ ಕಳಿಸಿ, ಪಕ್ಕದ ಮಂಚದಲ್ಲಿ ‘ಇಲ್ಲ’ ಎಂಬ ವರದಿ ಹಿಡಿದವರನ್ನು ಯಾವ ಎಚ್ಚರಿಕೆಯೂ ಇಲ್ಲದೆ ಒಳಗೆ ಕರೆದುಕೊಂಡರೆ ಯಾವ ವೈದ್ಯರಿಗೂ ರಕ್ಷಣೆ ಸಿಗುವುದಿಲ್ಲ. ಬಂದವರೆಲ್ಲರ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಭಾವಿಸಿ ಎಲ್ಲರಿಗೂ ಒಂದೇ ಮುನ್ನೆಚ್ಚರಿಕೆ ವಹಿಸುವುದು, ಅದಕ್ಕೆ ಬೇಕಾದ ಕೈಗವಸು, ತರಬೇತಿ, ಔಷಧಗಳನ್ನು ಆಸ್ಪತ್ರೆಯ ಆಡಳಿತವೇ ಒದಗಿಸುವುದು, ಇದೇ ಕಾಯ್ದೆಯ 19ನೇ ಸೆಕ್ಷನ್ನಿನ ಆಶಯ. ಚಾದರವನ್ನು ಕಾಲಿನಿಂದ ಸರಿಸಿದ ಆ ಆಯಾಳ ಮೇಲೆ ನನಗೆ ಸಿಟ್ಟಿಲ್ಲ. ಬಟ್ಟೆಯಿಂದ ಸೋಂಕು ಬರುವುದಿಲ್ಲ ಎಂದು ಅವಳಿಗೆ ಒಂದು ದಿನವೂ ಯಾರೂ ಕೂರಿಸಿ ಹೇಳಿರಲಿಕ್ಕಿಲ್ಲ. ಫೈಲಿನ ಮೇಲಿನ ಕೆಂಪು ಶಾಯಿ ಅವಳಿಗೆ ಹೇಳಿದ್ದಷ್ಟೇ ಅವಳಿಗೆ ಗೊತ್ತು.

ಇನ್ನು ದೂರಿನ ವಿಷಯ. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರತಿಯೊಂದು ಆಸ್ಪತ್ರೆಯೂ, 100 ಅಥವಾ ಹೆಚ್ಚು ಜನರಿರುವ ಇತರ ಪ್ರತಿಯೊಂದು ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. ಅದರ ಮೇಲೆ ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸಿ ಆದೇಶ ಕೊಡುವ ಅಧಿಕಾರಿ, ಇರಬೇಕು. ಅವರು ದೂರು ಬಂದ 30 ದಿನದೊಳಗೆ ಆದೇಶ ಕೊಡಬೇಕು. ತುರ್ತು ಚಿಕಿತ್ಸೆಯ ಪ್ರಕರಣವಾದರೆ ಸಾಧ್ಯವಾದಷ್ಟೂ 24 ಗಂಟೆಯೊಳಗೆ. ಆದೇಶ ಪಾಲಿಸದವರಿಗೆ 10,000 ರೂಪಾಯಿವರೆಗೆ ದಂಡ, ಮುಂದುವರಿದರೆ ದಿನಕ್ಕೆ 5,000 ರೂಪಾಯಿವರೆಗೆ ಹೆಚ್ಚುವರಿ ದಂಡ ಎಂದೂ ಬರೆದಿದೆ. ಇದನ್ನೆಲ್ಲ ಓದಿಕೊಂಡು ನಾನು ನಮ್ಮ ತಾಲ್ಲೂಕಿನಲ್ಲೂ ಜಿಲ್ಲಾ ಕೇಂದ್ರದಲ್ಲೂ ನಾಲ್ಕು ಕಡೆ ಹೋಗಿ ‘ನಿಮ್ಮಲ್ಲಿ ದೂರು ಅಧಿಕಾರಿ ಯಾರು’ ಎಂದು ವಿಚಾರಿಸಿದೆ. ಒಂದು ಕಡೆ ಹೆರಿಗೆ ವಾರ್ಡಿನ ಸಿಸ್ಟರನ್ನು ತೋರಿಸಿದರು, ಇನ್ನೊಂದು ಕಡೆ ಸಲಹಾ ಪೆಟ್ಟಿಗೆಯನ್ನು. ಉಳಿದೆರಡು ಕಡೆ ‘ಯಾವ ಕಾಯ್ದೆ’ ಎಂದು ನನ್ನನ್ನೇ ಕೇಳಿದರು. ದೂರು ಕೊಡುವವರು ತಮ್ಮ ವಿಷಯ ಊರಿಗೆಲ್ಲ ತಿಳಿಯುತ್ತದೆಂದು ಹಿಂಜರಿಯುತ್ತಾರೆ ಎಂಬುದು ನಿಜ, ನನ್ನ ತಮ್ಮನ ಹೆಂಡತಿಯೂ ಅದೇ ಕಾರಣಕ್ಕೆ ದೂರು ಬೇಡವೆಂದಳು. ಆದರೆ ನ್ಯಾಯಾಲಯದಲ್ಲಿ ಕೂಡ ಹೆಸರು ಮರೆಮಾಚಿ, ಬೇರೊಂದು ಹೆಸರಿನಲ್ಲಿ ಪ್ರಕರಣ ನಡೆಸಲು ಇದೇ ಕಾಯ್ದೆಯ 34ನೇ ಸೆಕ್ಷನ್ ಅವಕಾಶ ಕೊಡುತ್ತದೆ. 1997ರಲ್ಲೇ ಬಾಂಬೆ ಹೈಕೋರ್ಟಿನಲ್ಲಿ ಒಬ್ಬ ದಿನಗೂಲಿ ಕಾರ್ಮಿಕ, ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡವನು, ‘ಎಂಎಕ್ಸ್’ ಎಂಬ ಎರಡಕ್ಷರದ ಹೆಸರಿನಲ್ಲೇ ವಾದಿಸಿ, ಕೆಲಸ ಮಾಡುವ ಶಕ್ತಿಯಿರುವವನನ್ನು ಸೋಂಕಿನ ನೆಪದಲ್ಲಿ ಹೊರಹಾಕುವಂತಿಲ್ಲ ಎಂಬ ತೀರ್ಪು ಪಡೆದ. ಆತ ಯಾರೆಂದು ನಮಗೆ ಇಂದಿಗೂ ತಿಳಿಯದು, ತಿಳಿಯುವ ಅಗತ್ಯವೂ ಇಲ್ಲ.

ಗುಟ್ಟು ಕಾಯುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ದೇಶದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಇದು ಅದರ ಹಿಂದಿನ ವರ್ಷದ ಮಾತು. ನನ್ನ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಪ್ಪ ತೀರಿಕೊಂಡಿದ್ದ, ಅವ್ವ ಹಾಸಿಗೆ ಹಿಡಿದಿದ್ದಳು, ಅಡಿಗೆ, ನೀರು, ರೇಷನ್ನು ಎಲ್ಲವನ್ನೂ ಅವನ ಹದಿನಾಲ್ಕು ವರ್ಷದ ಅಕ್ಕ ನೋಡಿಕೊಳ್ಳುತ್ತಿದ್ದಳು. ಅವರ ಅಜ್ಜಿ ನನ್ನನ್ನು ನಂಬಿ ಮನೆಯ ವಿಷಯ ಹೇಳಿಕೊಂಡರು. ಎಲ್ಲ ಶಿಕ್ಷಕರೂ ಅವನನ್ನು ಅಕ್ಕರೆಯಿಂದ ಕಾಣಲಿ ಎಂದುಕೊಂಡು ನಾನು ಅದನ್ನು ಸಿಬ್ಬಂದಿ ಕೊಠಡಿಯಲ್ಲಿ ಹೇಳಿಬಿಟ್ಟೆ. ಒಂದು ವಾರದಲ್ಲಿ ಅವನ ಬೆಂಚಿನಲ್ಲಿ ಅವನೊಬ್ಬನೇ ಉಳಿದ. ಅವನಿಗೆ ಸೋಂಕೂ ಇರಲಿಲ್ಲ. ಇದ್ದಿದ್ದರೂ ಆಗಬೇಕಾದದ್ದು ಬೇರೆಯೇನಲ್ಲ. ಮುಂದಿನ ತಿಂಗಳು ಟಿಸಿ ತೆಗೆದುಕೊಳ್ಳಲು ಬಂದ ಅಜ್ಜಿ ನನ್ನ ಮುಖ ನೋಡದೆ ಹೆಬ್ಬೆಟ್ಟು ಒತ್ತಿ ಹೋದರು. ಒಳ್ಳೆಯ ಉದ್ದೇಶ ನನ್ನನ್ನು ಕ್ಷಮಿಸುವುದಿಲ್ಲವೆಂದು ನನಗೆ ಗೊತ್ತು. ಇವತ್ತಿನ ಕಾಯ್ದೆ ಅಂಥ ಮನೆಗಳನ್ನು ಮರೆತಿಲ್ಲ: ಎಚ್‌ಐವಿ ಬಾಧಿತ ಕುಟುಂಬದ ವ್ಯವಹಾರವನ್ನು ನಡೆಸುತ್ತಿರುವ, ತಿಳಿವಳಿಕೆಯುಳ್ಳ, 12 ವರ್ಷ ತುಂಬಿದ ಅಕ್ಕನೋ ಅಣ್ಣನೋ ತನ್ನ ಒಡಹುಟ್ಟಿದವರಿಗೆ ಶಾಲೆಯ ದಾಖಲಾತಿ, ಚಿಕಿತ್ಸೆ, ಬ್ಯಾಂಕ್ ಖಾತೆಯಂಥ ವಿಷಯಗಳಲ್ಲಿ ಪೋಷಕರಾಗಿ ನಿಲ್ಲಬಹುದು ಎಂದು 32ನೇ ಸೆಕ್ಷನ್ ಹೇಳುತ್ತದೆ. ಆ ಹುಡುಗಿಯ ಸಹಿಗೆ ಅಂದು ಬೆಲೆಯಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂದು ನಮ್ಮ ಎಷ್ಟು ಮುಖ್ಯೋಪಾಧ್ಯಾಯರಿಗೆ ಈ ಸೆಕ್ಷನ್ ಗೊತ್ತಿದೆ?

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಈ ಸೋಂಕಿನ ಬಗ್ಗೆ ಮಾತನಾಡುವಾಗ ಗುಳೆಯನ್ನು ಬಿಟ್ಟು ಮಾತನಾಡಲಾಗದು. ಕಾಲುವೆ ನೀರು ಹರಿಯುವ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಥೆ ಒಂದಾದರೆ, ದೇವದುರ್ಗ, ಲಿಂಗಸುಗೂರು, ಕುಷ್ಟಗಿಯ ನೀರಿಲ್ಲದ ಒಣಭೂಮಿಯ ಹಳ್ಳಿಗಳ ಕಥೆಯೇ ಇನ್ನೊಂದು. ಸುಗ್ಗಿ ಮುಗಿದರೆ ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಮುಂಬೈ, ಗೋವಾ ಎಂದು ಹೊರಟುಬಿಡುತ್ತಾರೆ. ಊರಿನಲ್ಲಿ ಮುದುಕರು, ಕೂಸುಗಳು ಉಳಿಯುತ್ತಾರೆ. ‘ಗುಳೆ ಹೋದವರೇ ರೋಗ ತಂದರು’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅವರ ಕಡೆಯಿಂದ ಒಮ್ಮೆ ನೋಡಿ. ಗುಳಿಗೆ ಜೀವನಪೂರ್ತಿ ದಿನವೂ ಬೇಕು, ಮಧ್ಯೆ ಮಧ್ಯೆ ಬಿಟ್ಟರೆ ವೈರಸ್ಸು ಔಷಧಕ್ಕೆ ಬಗ್ಗದಂತಾಗುತ್ತದೆ. ಹೆಸರು ನೋಂದಾಯಿಸಿದ್ದು ಒಂದು ಕೇಂದ್ರದಲ್ಲಿ, ಕೂಲಿ ಸಿಗುವುದು ನಾನೂರು ಮೈಲಿ ಆಚೆ. ಹೊಸ ಊರಿನ ಕೇಂದ್ರದಲ್ಲಿ ಔಷಧ ಪಡೆಯುವ ವ್ಯವಸ್ಥೆ ಕಾಗದದ ಮೇಲೆ ಇದೆ, ಆದರೆ ಭಾಷೆ ತಿಳಿಯದ ಊರಿನಲ್ಲಿ, ಮೇಸ್ತ್ರಿ ರಜೆ ಕೊಡದ ಕಡೆ, ಡೇರೆಯಲ್ಲಿ ಹತ್ತು ಜನರೊಂದಿಗೆ ಮಲಗುವಾಗ ಗುಳಿಗೆಯ ಡಬ್ಬಿಯನ್ನು ಎಲ್ಲಿ ಬಚ್ಚಿಡುವುದು? ನಾನು ಬಲ್ಲ ಒಬ್ಬ ಹೆಂಗಸು ಗುಳಿಗೆಯನ್ನು ಕುಂಕುಮದ ಭರಣಿಯಲ್ಲಿ ಹಾಕಿಕೊಂಡು ಹೋಗುತ್ತಾಳೆ. ಡಬ್ಬಿಯ ಮೇಲಿನ ಚೀಟಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ಕಿತ್ತೆಸೆಯುತ್ತಾಳೆ.

ಇದಕ್ಕೆ ಪರಿಹಾರ ದೊಡ್ಡದಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಒಮ್ಮೆಗೇ ಮೂರು ತಿಂಗಳ ಔಷಧ ಕೊಡುವಂತೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ಸೂಚಿಸಿತ್ತು, ಎಷ್ಟೋ ಜನ ಗುಳಿಗೆ ತಪ್ಪಿಸದೆ ಉಳಿದರು. ಗುಳೆಯ ಕಾಲ ನಮ್ಮ ಸೀಮೆಗೆ ಪ್ರತಿವರ್ಷದ ಲಾಕ್‌ಡೌನ್ ಇದ್ದ ಹಾಗೆ. ಹೊರಡುವವರಿಗೆ ಕೇಳುವ ಮೊದಲೇ ಮೂರು ತಿಂಗಳ ಔಷಧ ಕೊಟ್ಟು, ಹೋಗುವ ಊರಿನ ಕೇಂದ್ರದ ವಿಳಾಸವನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಅರ್ಧ ತೊಂದರೆ ನೀಗುತ್ತದೆ. ಆದರೆ ಅದಕ್ಕೆ ದಾಸ್ತಾನು ಇರಬೇಕು. 2022ರ ಜುಲೈಯಲ್ಲಿ ಔಷಧದ ಕೊರತೆಯಾಗಿ ಸೋಂಕಿನೊಂದಿಗೆ ಬದುಕುವವರೇ ದೆಹಲಿಯ ಆ ಸಂಸ್ಥೆಯ ಕಚೇರಿಯಲ್ಲಿ ವಾರಗಟ್ಟಲೆ ಧರಣಿ ಕುಳಿತದ್ದನ್ನು ಓದುಗರು ಮರೆತಿರಲಾರರು. ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಸರ್ಕಾರಗಳು ಎಆರ್‌ಟಿ ಔಷಧವನ್ನು ‘ಸಾಧ್ಯವಾದಷ್ಟು ಮಟ್ಟಿಗೆ’ ಒದಗಿಸಬೇಕು ಎಂಬ ಪದಗಳಿವೆ. ಉಳಿದೆಲ್ಲ ಕಡೆ ಗಟ್ಟಿಯಾಗಿ ಮಾತನಾಡುವ ಕಾಯ್ದೆ ಜೀವ ಉಳಿಸುವ ಗುಳಿಗೆಯ ಬಳಿ ಬಂದಾಗ ಮಾತ್ರ ದನಿ ತಗ್ಗಿಸಿದೆ. ನಮ್ಮ ಸಂಸದರು ಈ ಪದಗಳನ್ನು ತೆಗೆಸಲು ಪ್ರಯತ್ನಿಸಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಜನರನ್ನು ಹೆದರಿಸಿ, ಹುಡುಕಿ, ಕೂಡಿಹಾಕಿ ಈ ಸೋಂಕನ್ನು ತಡೆಯಬಹುದೆಂದು ನಂಬಿದ್ದ ಕಾಲವೂ ಇತ್ತು. 1989ರಲ್ಲಿ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು, ಸೋಂಕಿದೆ ಎಂಬ ಕಾರಣಕ್ಕೇ, ಅಲ್ಲಿನ ಸಾರ್ವಜನಿಕ ಆರೋಗ್ಯ ಕಾನೂನಿನಡಿ ಹಿಡಿದು 64 ದಿನ ಒಬ್ಬನನ್ನೇ ಕೂಡಿಹಾಕಿದ್ದರು. ಆತ ರಕ್ತದಾನ ಮಾಡುತ್ತಿದ್ದವನು. ಹೀಗೆ ಕೂಡಿಹಾಕಿದರೆ ಪರೀಕ್ಷೆಗೆ ಬರುವವರು ಯಾರು? ಅದೇ ಕಾಲದ ಆಸುಪಾಸಿನಲ್ಲಿ, 1992ರಿಂದ, ಕೋಲ್ಕತ್ತದ ಸೋನಾಗಾಛಿಯಲ್ಲಿ ಲೈಂಗಿಕ ವೃತ್ತಿಯ ಹೆಂಗಸರೇ ತಮ್ಮ ಜೊತೆಯವರಿಗೆ ತಿಳಿಹೇಳುವ ಕೆಲಸ ಕೈಗೆತ್ತಿಕೊಂಡು ಕಾಂಡೋಮ್ ಬಳಕೆಯನ್ನು ಹೆಚ್ಚಿಸಿ ತೋರಿಸಿದರು. ನಮ್ಮಲ್ಲಿ ದೇವದಾಸಿ ಪದ್ಧತಿಯನ್ನು 1982ರ ರಾಜ್ಯ ಕಾಯ್ದೆ ನಿಷೇಧಿಸಿದೆ. ಆದರೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹಳೆಯ ತಲೆಮಾರಿನ ತಾಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರಲ್ಲಿ ಎಷ್ಟೋ ಜನ ಮನೆಮನೆಗೆ ಹೋಗಿ ಗುಳಿಗೆ ಬಿಟ್ಟವರನ್ನು ಮತ್ತೆ ಕೇಂದ್ರಕ್ಕೆ ಕರೆದುಕೊಂಡು ಬಂದಿದ್ದಾರೆ. ಯಾವ ಅಧಿಕಾರಿಗೂ ತೆರೆಯದ ಬಾಗಿಲು ಅವರಿಗೆ ತೆರೆಯುತ್ತದೆ. ಅಂಥವರ ಚೀಲದಲ್ಲಿ ಕಾಂಡೋಮ್ ಸಿಕ್ಕಿತೆಂದು ಪೊಲೀಸರು ಗದರಿಸುವುದು ಇನ್ನಾದರೂ ನಿಲ್ಲಬೇಕು. ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು ಎಂಬ ಶಿಫಾರಸನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳ ಆದೇಶದಲ್ಲಿ ಎತ್ತಿಹಿಡಿದಿದೆ.

ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1 ಬಂದರೆ ಪ್ರತಿವರ್ಷ ಜಾಥಾ ನಡೆಯುತ್ತದೆ. ನಾನೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಿಸಿಲಿನಲ್ಲಿ ಘೋಷಣೆ ಕೂಗಿಸಿದವಳೇ. ‘ಮಾರಕ ರೋಗ’, ‘ಮಹಾಮಾರಿ’, ‘ಎಚ್ಚರ ತಪ್ಪಿದರೆ ಸಾವು’ ಎಂದು ಕೂಗುವ ಸಾಲಿನಲ್ಲಿ, ಮನೆಯಲ್ಲಿ ಗುಳಿಗೆ ನುಂಗುವ ಅವ್ವನಿರುವ ಮಗುವೂ ಇರುತ್ತದೆ. ಇವತ್ತು ಔಷಧ ತಪ್ಪಿಸದವರು ಎಲ್ಲರಂತೆ ಬದುಕಿ ಮುಪ್ಪಾಗುತ್ತಾರೆ. ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ನೂರರಲ್ಲಿ 15ರಿಂದ 45 ಕೂಸುಗಳಿಗೆ ತಾಯಿಯಿಂದ ತಗಲಬಹುದಾದ ಸೋಂಕನ್ನು, ಬಸುರಿಯಿದ್ದಾಗಲೇ ಔಷಧ ಕೊಟ್ಟರೆ ಐದಕ್ಕಿಂತ ಕಡಿಮೆಗೆ ಇಳಿಸಬಹುದು. ಇವನ್ನು ಯಾವ ಜಾಥಾದಲ್ಲೂ ನಾನು ಕೇಳಿಲ್ಲ. ತಮ್ಮ ಪತ್ರಿಕೆಯೂ ಸೇರಿದಂತೆ ಕನ್ನಡ ಪತ್ರಿಕೆಗಳು ‘ಏಡ್ಸ್ ಪೀಡಿತೆ’ ಎಂಬ ಮಾತನ್ನು ಬಿಟ್ಟು ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಎಂದು ಬರೆಯಬೇಕೆಂದು ಕೈಮುಗಿದು ಕೇಳುತ್ತೇನೆ; ಸೋಂಕು ಮುಂದುವರಿದು ದೇಹದ ರೋಗನಿರೋಧಕ ಶಕ್ತಿ ಕುಸಿದ ಹಂತವಷ್ಟೇ ಏಡ್ಸ್, ಎಚ್‌ಐವಿ ಇದ್ದವರೆಲ್ಲರಿಗೂ ಅದು ಇರುವುದಿಲ್ಲ.

ಜಿಲ್ಲಾಡಳಿತಗಳನ್ನು ನಾನು ಕೇಳುವುದು ಸ್ವಲ್ಪವೇ. ಮೂರೂ ಜಿಲ್ಲೆಗಳ ಪ್ರತಿಯೊಂದು ಸರ್ಕಾರಿ, ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ, ಶುಲ್ಕದ ಪಟ್ಟಿಯ ಪಕ್ಕದಲ್ಲೇ, ದೂರು ಅಧಿಕಾರಿಯ ಹೆಸರನ್ನೂ ಫೋನ್ ಸಂಖ್ಯೆಯನ್ನೂ, ಓಂಬುಡ್ಸ್‌ಮನ್ ವಿಳಾಸವನ್ನೂ ಓದಲು ಬರುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ. ಬರೆಸದ ಆಸ್ಪತ್ರೆಯ ಪರವಾನಗಿ ನವೀಕರಿಸುವಾಗ ಕಾರಣ ಕೇಳಿ. ರಾಷ್ಟ್ರೀಯ ಸಹಾಯವಾಣಿ 1097 ಅಲ್ಲಿಯೇ ಇರಲಿ. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದನ್ನು ನಾಳೆಯಿಂದಲೇ ನಿಲ್ಲಿಸಿ, ಅದಕ್ಕೆ ಯಾವ ಅನುದಾನವೂ ಬೇಡ. ದೂರು ಅಧಿಕಾರಿಗಳ ತರಬೇತಿಗೆ ಅಧಿಕಾರಿಗಳ ಭಾಷಣದ ಬದಲು ಸೋಂಕಿನೊಂದಿಗೆ ಬದುಕುತ್ತಿರುವವರನ್ನೇ, ಅವರಿಗೆ ಒಪ್ಪಿಗೆಯಿದ್ದರೆ, ಗೌರವಧನ ಕೊಟ್ಟು ಕರೆಯಿರಿ.

ನನ್ನ ತಮ್ಮನ ಹೆಂಡತಿಯ ಶಸ್ತ್ರಚಿಕಿತ್ಸೆ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಅಲ್ಲಿ ರಕ್ತ ತೆಗೆಯುವ ಮುಂಚೆ ಒಬ್ಬ ಆಪ್ತಸಮಾಲೋಚಕಿ ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಮಾತನಾಡಿಸಿದರು. ಏನು ಮಾತನಾಡಿದರೆಂದು ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಪತ್ರವನ್ನು ಕಳಿಸುವ ಮುಂಚೆ ಅವಳಿಗೆ ಓದಿ ಹೇಳಿದೆ. ಊರಿನ ಹೆಸರು ಬರೆದಿದ್ದ ಕಡೆ ತೆಗೆಯಲು ಹೇಳಿದಳು. ಇನ್ನೊಂದು ಕಡೆ ನಾನು ಅವಳನ್ನು ‘ರೋಗಿ’ ಎಂದು ಬರೆದಿದ್ದೆ. ‘ನಾ ಯಾವಾಗಿನ ರೋಗಿ ಅಕ್ಕಾ, ನಾಳಿ ಹತ್ತಿ ಬಿಡಸಾಕ ಹೋಗಾಕಿ’ ಎಂದಳು. ಅದನ್ನೂ ತೆಗೆದಿದ್ದೇನೆ. ನನ್ನ ಹೆಸರಿನಿಂದ ಅವಳನ್ನು ಗುರುತಿಸುವವರು ಇದ್ದಾರೆ, ಆದ್ದರಿಂದ ದಯವಿಟ್ಟು ಅದನ್ನೂ ಪ್ರಕಟಿಸಬೇಡಿ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ರಾಯಚೂರು ಜಿಲ್ಲೆ